ಓದುಗರ ಪ್ರಶ್ನೆ, ನಮ್ಮ ಉತ್ತರ: ವಿದ್ಯಾರ್ಥಿಯ ಸಂಶೋಧನೆ ಎಷ್ಟು ದೊಡ್ಡದಿರಬೇಕು?

ಆರೋಗ್ಯ, ವಿಜ್ಞಾನ ಮತ್ತು ಸಾಮಾಜಿಕ ವಿಷಯಗಳ ಮೇಲೆ ವಿದ್ಯಾರ್ಥಿಗಳು ಕೈಗೊಳ್ಳುವ ಸಂಶೋಧನಾ ಪ್ರಾಜೆಕ್ಟುಗಳ ಕುರಿತು ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಒಂದಾಗಿಸಿದ್ದೇವೆ. ಬರೆದವರ ಹೆಸರುಗಳನ್ನು ಕೈಬಿಟ್ಟಿದ್ದೇವೆ.

ಪ್ರಶ್ನೆ: ನಾನು ಪದವಿಯ ಕೊನೆಯ ವರ್ಷದಲ್ಲಿ ಓದುತ್ತಿದ್ದೇನೆ. ‘ಮೊಬೈಲ್ ಬಳಕೆ ಮತ್ತು ಯುವಜನರ ಆರೋಗ್ಯ’ ಎಂಬ ವಿಷಯವನ್ನು ಪ್ರಾಜೆಕ್ಟಿಗೆ ಆರಿಸಿಕೊಂಡಿದ್ದೇನೆ. ಎರಡು ತಿಂಗಳು ಓದಿದರೂ ಎಲ್ಲಿಂದ ಆರಂಭಿಸಬೇಕೆಂದು ತೋಚುತ್ತಿಲ್ಲ. ವಿಷಯದ ಆಯ್ಕೆಯೇ ತಪ್ಪಾಯಿತೇ?

ಉತ್ತರ: ಆಯ್ಕೆ ತಪ್ಪಲ್ಲ. ಆದರೆ ನಿಮ್ಮ ಕೈಯಲ್ಲಿರುವುದು ಇನ್ನೂ ವಿಷಯ ಮಾತ್ರ, ಪ್ರಶ್ನೆಯಲ್ಲ. ‘ಆರೋಗ್ಯ’ ಎಂಬ ಒಂದು ಪದದೊಳಗೆ ಕಣ್ಣು, ಕತ್ತು, ನಿದ್ರೆ, ತೂಕ, ಮನಸ್ಸು ಎಲ್ಲವೂ ಅಡಗಿವೆ. ‘ಬಳಕೆ’ ಎಂಬುದರೊಳಗೆ ಪಾಠ ಕೇಳುವುದೂ ಇದೆ, ಆಟವಾಡುವುದೂ ಇದೆ, ಮನೆಯವರೊಡನೆ ಮಾತಾಡುವುದೂ ಇದೆ. ಇವೆಲ್ಲವನ್ನೂ ಒಟ್ಟಿಗೆ ಅಳೆಯಲು ಹೊರಟರೆ ಯಾವುದನ್ನೂ ಅಳೆದಂತಾಗುವುದಿಲ್ಲ. ಆದ್ದರಿಂದ ಒಂದೇ ಎಳೆಯನ್ನು ಹಿಡಿದುಕೊಳ್ಳಿ. ‘ಹಾಸಿಗೆಗೆ ಹೋದ ಮೇಲೂ ಮೊಬೈಲ್ ನೋಡುವ ವಿದ್ಯಾರ್ಥಿಗಳು ನೋಡದವರಿಗಿಂತ ಕಡಿಮೆ ಹೊತ್ತು ನಿದ್ರಿಸುತ್ತಾರೆಯೇ?’ ಎಂದು ಕೇಳಿಕೊಂಡ ಕೂಡಲೇ ಯಾರನ್ನು ಕೇಳಬೇಕು, ಏನನ್ನು ಅಳೆಯಬೇಕು, ಎಷ್ಟು ದಿನ ಅಳೆಯಬೇಕು ಎಂಬುದು ತಾನಾಗಿಯೇ ಕಣ್ಣಿಗೆ ಬೀಳತೊಡಗುತ್ತದೆ.

ಚಿಕ್ಕ ಪ್ರಶ್ನೆಯಿಂದ ಚಿಕ್ಕ ಸಂಶೋಧನೆಯಷ್ಟೇ ಆದೀತೆಂಬ ಅಳುಕು ಬೇಡ. 1747ರಲ್ಲಿ ಬ್ರಿಟಿಷ್ ನೌಕಾಪಡೆಯ ಸಾಲಿಸ್‌ಬರಿ ಎಂಬ ಹಡಗಿನಲ್ಲಿ ವೈದ್ಯರಾಗಿದ್ದ ಜೇಮ್ಸ್ ಲಿಂಡ್ ಅವರು ಸ್ಕರ್ವಿ ರೋಗದಿಂದ ಬಳಲುತ್ತಿದ್ದ 12 ನಾವಿಕರನ್ನು ಆರು ಜೋಡಿಗಳಾಗಿ ವಿಂಗಡಿಸಿದರು. ಎಲ್ಲರಿಗೂ ಒಂದೇ ಜಾಗ, ಒಂದೇ ಊಟ. ಆದರೆ ಒಂದೊಂದು ಜೋಡಿಗೆ ಒಂದೊಂದು ಚಿಕಿತ್ಸೆ. ಒಂದು ಜೋಡಿಗೆ ವಿನೆಗರ್, ಇನ್ನೊಂದಕ್ಕೆ ಸಮುದ್ರದ ನೀರು, ಮತ್ತೊಂದಕ್ಕೆ ಕಿತ್ತಳೆ ಮತ್ತು ನಿಂಬೆ, ಹೀಗೆ. ಹಣ್ಣು ಆರೇ ದಿನಕ್ಕೆ ಮುಗಿದುಹೋಯಿತು. ಅಷ್ಟರೊಳಗೆ ಹಣ್ಣು ತಿಂದ ಇಬ್ಬರಲ್ಲಿ ಒಬ್ಬನು ಕೆಲಸಕ್ಕೆ ಮರಳುವಷ್ಟು ಚೇತರಿಸಿಕೊಂಡಿದ್ದನು, ಇನ್ನೊಬ್ಬನನ್ನು ಉಳಿದ ರೋಗಿಗಳ ಆರೈಕೆಗೆ ನೇಮಿಸಲಾಯಿತು. ಇದ್ದವರು ಹನ್ನೆರಡೇ ಜನರಾದರೂ, ಯಾವುದನ್ನು ಸಮವಾಗಿಟ್ಟು ಯಾವುದನ್ನು ಬದಲಿಸಬೇಕೆಂಬ ಸ್ಪಷ್ಟತೆ ಅವರಿಗಿದ್ದುದರಿಂದಲೇ ವೈದ್ಯಶಾಸ್ತ್ರದ ಇತಿಹಾಸವು ಆ ಪ್ರಯೋಗವನ್ನು ಇಂದಿಗೂ ನೆನೆಯುತ್ತದೆ.

ನಿಮ್ಮ ಅಧ್ಯಯನದಲ್ಲಿ ಕಷ್ಟವಿರುವುದು ಅಳತೆಯಲ್ಲಿ. ‘ದಿನಕ್ಕೆ ಎಷ್ಟು ಗಂಟೆ ಮೊಬೈಲ್ ನೋಡುತ್ತೀರಿ?’ ಎಂದು ಕೇಳಿದರೆ ನಿಮಗೆ ಸಿಗುವುದು ಅವರ ಅಂದಾಜು; ಫೋನಿನಲ್ಲೇ ದಾಖಲಾಗಿರುವ ಸ್ಕ್ರೀನ್ ಟೈಮ್ ಅಂಕಿಗೂ ಆ ಅಂದಾಜಿಗೂ ಅನೇಕ ಸಲ ತಾಳೆಯಾಗುವುದಿಲ್ಲ. ಸಾಧ್ಯವಿದ್ದರೆ ದಾಖಲಾದ ಅಂಕಿಯನ್ನೇ, ಅವರ ಒಪ್ಪಿಗೆ ಪಡೆದು, ಬರೆದುಕೊಳ್ಳಿ. ನಿದ್ರೆಯ ಬಗ್ಗೆ ‘ಸಾಮಾನ್ಯವಾಗಿ ಎಷ್ಟು ಹೊತ್ತು?’ ಎಂದು ಕೇಳುವ ಬದಲು, ಮಲಗಿದ ಮತ್ತು ಎದ್ದ ಸಮಯವನ್ನು ಏಳು ದಿನ ಪ್ರತಿ ಬೆಳಿಗ್ಗೆ ಬರೆದಿಡಲು ಹೇಳಿ. ರಜೆಯ ದಿನದ ನಿದ್ರೆ ಉಳಿದ ದಿನಗಳ ನಿದ್ರೆಯಂತಿರುವುದಿಲ್ಲವಾದ್ದರಿಂದ ಇಡೀ ವಾರ ಬೇಕು. ಕೊನೆಗೆ ಮೊಬೈಲಿಗೂ ನಿದ್ರೆಗೂ ಸಂಬಂಧ ಕಂಡುಬಂದಿತೆಂದೇ ಇಟ್ಟುಕೊಳ್ಳೋಣ. ಆಗಲೂ ‘ಮೊಬೈಲ್ ನಿದ್ರೆಯನ್ನು ಕೆಡಿಸುತ್ತದೆ’ ಎಂದು ಬರೆಯುವ ಹಕ್ಕು ನಿಮಗೆ ಬಂದಿರುವುದಿಲ್ಲ. ನಿದ್ರೆ ಬಾರದವರು ಹೊತ್ತು ಕಳೆಯಲು ಮೊಬೈಲ್ ಹಿಡಿದಿರಬಹುದು. ಪರೀಕ್ಷೆಯ ಆತಂಕವೊಂದೇ ನಿದ್ರೆಯನ್ನು ಕಡಿಮೆ ಮಾಡಿ ಮೊಬೈಲನ್ನು ಹೆಚ್ಚಿಸಿರಲೂಬಹುದು. ‘ಇವೆರಡೂ ಜೊತೆಯಲ್ಲಿ ಕಂಡುಬಂದಿವೆ’ ಎಂದಷ್ಟೇ ಬರೆಯಿರಿ. ಅದು ಸಪ್ಪೆಯಾಗಿ ಕೇಳಿಸಿದರೂ ನಿಮ್ಮ ದತ್ತಾಂಶ ಹೇಳುವುದು ಅಷ್ಟನ್ನೇ.

ಪ್ರಶ್ನೆ: ಗೂಗಲ್ ಫಾರ್ಮ್ ಸಿದ್ಧಪಡಿಸಿ ಗೆಳೆಯರ ವಾಟ್ಸ್ಆ್ಯಪ್ ಗುಂಪುಗಳಿಗೆ ಕಳುಹಿಸಿದೆ. ಇನ್ನೂರಕ್ಕೂ ಹೆಚ್ಚು ಜನ ಉತ್ತರಿಸಿದ್ದಾರೆ. ಇಷ್ಟು ಸಂಖ್ಯೆ ಇದ್ದರೆ ‘ಯುವಜನರ ಅಭಿಪ್ರಾಯ’ ಎಂದು ಬರೆಯಬಹುದಲ್ಲವೇ?

ಉತ್ತರ: ಬರೆಯಲಾಗದು. ಸಂಖ್ಯೆಯ ದೃಷ್ಟಿಯಿಂದ ನಿಮ್ಮದು ತೀರ ಸಣ್ಣ ಸಮೀಕ್ಷೆಯೇನಲ್ಲ, ಆದರೆ ಇಲ್ಲಿ ಎಷ್ಟು ಜನ ಎಂಬುದಕ್ಕಿಂತ ಯಾರು ಎಂಬುದು ಮುಖ್ಯ.

1936ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಗೆ ಮುನ್ನ ಲಿಟರರಿ ಡೈಜೆಸ್ಟ್ ಎಂಬ ಪತ್ರಿಕೆಯು ಸುಮಾರು ಒಂದು ಕೋಟಿ ಜನರಿಗೆ ಮತಪತ್ರದ ಮಾದರಿಯನ್ನು ಅಂಚೆಯಲ್ಲಿ ಕಳುಹಿಸಿತು. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಉತ್ತರಗಳು ಬಂದವು. ಅವನ್ನೆಲ್ಲ ಎಣಿಸಿ, ಆಲ್ಫ್ರೆಡ್ ಲ್ಯಾಂಡನ್ ಗೆಲ್ಲುತ್ತಾರೆಂದು ಪತ್ರಿಕೆ ಸಾರಿತು. ಗೆದ್ದವರು ಆಗಲೇ ಅಧ್ಯಕ್ಷರಾಗಿದ್ದ ಫ್ರಾಂಕ್ಲಿನ್ ರೂಸ್‌ವೆಲ್ಟ್. ಅದೂ 48 ರಾಜ್ಯಗಳಲ್ಲಿ 46ನ್ನು ತಮ್ಮದಾಗಿಸಿಕೊಂಡು. ವಿಳಾಸಗಳನ್ನು ಬಹುಮಟ್ಟಿಗೆ ದೂರವಾಣಿ ಪಟ್ಟಿಗಳಿಂದಲೂ ಕಾರು ನೋಂದಣಿಯ ಪಟ್ಟಿಗಳಿಂದಲೂ ತೆಗೆದುಕೊಳ್ಳಲಾಗಿತ್ತು; ಆರ್ಥಿಕ ಕುಸಿತದ ಆ ದಿನಗಳಲ್ಲಿ ಫೋನು, ಕಾರು ಇದ್ದವರು ಉಳ್ಳವರಾಗಿದ್ದರು. ಇದರ ಜೊತೆಗೆ, ಪತ್ರ ತಲುಪಿದವರಲ್ಲೂ ಬದಲಾವಣೆ ಬಯಸುತ್ತಿದ್ದವರೇ ಹೆಚ್ಚು ಉತ್ಸಾಹದಿಂದ ಉತ್ತರ ಬರೆದು ಹಾಕಿದ್ದರು. ಅದೇ ಚುನಾವಣೆಯಲ್ಲಿ ಜಾರ್ಜ್ ಗ್ಯಾಲಪ್ ಅವರು ಸುಮಾರು 50,000 ಜನರ ಸಮೀಕ್ಷೆಯಿಂದಲೇ ಗೆಲ್ಲುವವರು ಯಾರೆಂದು ಸರಿಯಾಗಿ ಹೇಳಿದ್ದರು.

ನಿಮ್ಮ ಫಾರ್ಮು ಕೂಡ ಇದೇ ಎರಡು ಜರಡಿಗಳನ್ನು ದಾಟಿ ಬಂದಿದೆ. ಮೊದಲನೆಯದು, ನಿಮ್ಮ ಗೆಳೆಯರ ಗುಂಪುಗಳಲ್ಲಿ ಇರುವವರಿಗೆ ಮಾತ್ರ ಅದು ತಲುಪಿತು. ಎರಡನೆಯದು, ತಲುಪಿದವರಲ್ಲಿ ವಿಷಯದ ಬಗ್ಗೆ ಆಸಕ್ತಿಯೋ ಸಿಟ್ಟೋ ಇದ್ದವರು ಮಾತ್ರ ತುಂಬಿದರು. ಸಮೀಕ್ಷೆಯ ಅಂಕಿಗಳಲ್ಲಿ ಎಷ್ಟು ಏರುಪೇರು ಇರಬಹುದೆಂದು ತಿಳಿಯಲು ಒಂದು ಒರಟು ಲೆಕ್ಕವಿದೆ: ಉತ್ತರಿಸಿದವರ ಸಂಖ್ಯೆಯ ವರ್ಗಮೂಲದಿಂದ ಒಂದನ್ನು ಭಾಗಿಸಿ. 100 ಜನರಾದರೆ ಶೇ. 10, 400 ಜನರಾದರೆ ಶೇ. 5, 2,500 ಜನರಾದರೆ ಶೇ. 2ರಷ್ಟು ಆಚೀಚೆ. ಗಮನಿಸಿ, ತಪ್ಪನ್ನು ಅರ್ಧಕ್ಕಿಳಿಸಲು ಜನರನ್ನು ನಾಲ್ಕು ಪಟ್ಟು ಹೆಚ್ಚಿಸಬೇಕು. ಆದರೆ ಈ ಲೆಕ್ಕ ನಡೆಯುವುದು, ಆ ಇಡೀ ಸಮುದಾಯದ ಪ್ರತಿಯೊಬ್ಬರಿಗೂ ಆಯ್ಕೆಯಾಗುವ ಸಮಾನ ಅವಕಾಶವಿದ್ದಾಗ ಮಾತ್ರ. ಗೆಳೆಯರ ಬಳಗದಿಂದ ಆಯ್ದ ಮಾದರಿಗೆ ಯಾವ ಸೂತ್ರವೂ ರಕ್ಷಣೆ ಕೊಡುವುದಿಲ್ಲ.

ಹಾಗೆಂದು ಬಂದ ಉತ್ತರಗಳನ್ನು ಎಸೆಯಬೇಕಿಲ್ಲ. ವರದಿಯ ಶೀರ್ಷಿಕೆಯಲ್ಲೇ ‘ಆನ್‌ಲೈನ್ ಪ್ರಶ್ನಾವಳಿಗೆ ಸ್ವಇಚ್ಛೆಯಿಂದ ಉತ್ತರಿಸಿದ ವಿದ್ಯಾರ್ಥಿಗಳ ಅಭಿಪ್ರಾಯ’ ಎಂದು ಬರೆಯಿರಿ. ಇನ್ನೂ ಸಮಯವಿದ್ದರೆ ಒಂದು ತರಗತಿಯ ಹಾಜರಿ ಪಟ್ಟಿಯಿಂದ ಚೀಟಿ ಎತ್ತಿ ನಲವತ್ತು ಜನರನ್ನು ಆರಿಸಿ, ಅವರನ್ನು ಒಬ್ಬೊಬ್ಬರಾಗಿ ಭೇಟಿ ಮಾಡಿ ಕೇಳಿ. ಆ ನಲವತ್ತು ಉತ್ತರಗಳು ಆ ಒಂದು ತರಗತಿಯ ಬಗ್ಗೆ ಹೇಳುವಷ್ಟನ್ನು ನಿಮ್ಮ ಇನ್ನೂರು ಉತ್ತರಗಳು ಯಾರ ಬಗ್ಗೆಯೂ ಹೇಳಲಾರವು.

ಪ್ರಶ್ನೆ: ಪ್ರಶ್ನಾವಳಿಯಲ್ಲಿ ಎಷ್ಟು ಪ್ರಶ್ನೆಗಳಿರಬೇಕು?

ಉತ್ತರ: ನಿಮ್ಮ ಸಂಶೋಧನಾ ಪ್ರಶ್ನೆಗೆ ಉತ್ತರ ಕೊಡಲು ಬೇಕಾದಷ್ಟು. ಪ್ರತಿಯೊಂದರ ಮುಂದೆಯೂ ‘ಈ ಉತ್ತರವನ್ನು ನಾನು ಎಲ್ಲಿ ಬಳಸುತ್ತೇನೆ?’ ಎಂದು ಬರೆದು ನೋಡಿ. ಜಾಗ ಸಿಗದವನ್ನು ಹೊಡೆದುಹಾಕಿ. ‘ನಿಮ್ಮ ಕಾಲೇಜಿನ ನೀರು ಮತ್ತು ಶೌಚಾಲಯ ಚೆನ್ನಾಗಿವೆಯೇ?’ ಎಂಬಂಥ, ಎರಡನ್ನು ಒಂದರಲ್ಲೇ ಕೇಳುವ ಪ್ರಶ್ನೆಗಳನ್ನು ಬಿಡಿಸಿ ಬರೆಯಿರಿ. ಉತ್ತರಿಸುವವರು ಮನೆಯಲ್ಲಿ ಆಡುವ ಭಾಷೆಯಲ್ಲಿ ಪ್ರಶ್ನೆಗಳಿರಲಿ. ಮೊದಲು ಐದಾರು ಜನರಿಗೆ ಕೊಟ್ಟು, ಪ್ರತಿ ಪ್ರಶ್ನೆಯಿಂದ ಅವರು ಏನನ್ನು ಅರ್ಥಮಾಡಿಕೊಂಡರೆಂದು ಬಾಯಿಬಿಟ್ಟು ಹೇಳಿಸಿ. ಪ್ರಶ್ನೆ ಎಲ್ಲಿ ಎಡವುತ್ತದೆಂಬುದು ಅಲ್ಲೇ ತಿಳಿಯುತ್ತದೆ.

ಪ್ರಶ್ನೆ: ನಾಲ್ಕು ತಿಂಗಳ ಪ್ರಯೋಗದ ಬಳಿಕ ನಾವು ಹೋಲಿಸಿದ ಎರಡು ಗುಂಪುಗಳ ನಡುವೆ ಯಾವ ವ್ಯತ್ಯಾಸವೂ ಕಾಣಲಿಲ್ಲ. ‘ಫಲಿತಾಂಶವಿಲ್ಲದ ಪ್ರಾಜೆಕ್ಟಿಗೆ ಅಂಕ ಬರುವುದಿಲ್ಲ, ಅಂಕಿಗಳನ್ನು ಸ್ವಲ್ಪ ಸರಿಪಡಿಸಿ’ ಎಂದು ಮಾರ್ಗದರ್ಶಕರು ಹೇಳುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಸರಿಪಡಿಸಬೇಡಿ. ಈ ಒಂದು ವಿಷಯದಲ್ಲಿ ನಾವು ಎಳ್ಳಷ್ಟೂ ರಾಜಿಯನ್ನು ಸೂಚಿಸಲಾರೆವು. ವ್ಯತ್ಯಾಸವಿಲ್ಲ ಎಂಬುದೂ ಒಂದು ಫಲಿತಾಂಶವೇ. ಅದನ್ನು ‘ಫಲಿತಾಂಶವಿಲ್ಲ’ ಎಂದು ಕರೆಯುವುದು ಮಾತಿನ ತಪ್ಪು ಮಾತ್ರವಲ್ಲ, ತಿಳಿವಳಿಕೆಯ ತಪ್ಪು.

ಎಮಿಲಿ ರೋಸಾ ಎಂಬ ಅಮೆರಿಕದ ಬಾಲಕಿ ಒಂಬತ್ತನೆಯ ವಯಸ್ಸಿನಲ್ಲಿ ಶಾಲೆಯ ವಿಜ್ಞಾನ ಮೇಳಕ್ಕಾಗಿ ಒಂದು ಪ್ರಯೋಗ ಹೂಡಿದಳು. ರೋಗಿಯ ಮೈ ಮುಟ್ಟದೆ, ಅವರ ದೇಹದ ಸುತ್ತಲಿನ ಶಕ್ತಿಯನ್ನು ಅಂಗೈಯಿಂದ ಗುರುತಿಸಿ ಗುಣಪಡಿಸುತ್ತೇವೆ ಎನ್ನುವ ಚಿಕಿತ್ಸಕರಿಗೆ ನಿಜಕ್ಕೂ ಅದು ಗೊತ್ತಾಗುತ್ತದೆಯೇ ಎಂಬುದು ಅವಳ ಪ್ರಶ್ನೆ. ನಡುವೆ ರಟ್ಟಿನ ಅಡ್ಡತೆರೆ ನಿಲ್ಲಿಸಿ, ಚಿಕಿತ್ಸಕರು ಎರಡೂ ಕೈಗಳನ್ನು ಅದರ ಕಿಂಡಿಗಳಿಂದ ಈಚೆ ಚಾಚುವಂತೆ ಮಾಡಿ, ನಾಣ್ಯ ಚಿಮ್ಮಿ, ಬಿದ್ದ ಮುಖದ ಪ್ರಕಾರ ಅವರ ಒಂದು ಕೈಯ ಮೇಲ್ಗಡೆ ತನ್ನ ಕೈಯನ್ನು ಹಿಡಿಯುತ್ತಿದ್ದಳು. ಯಾವ ಕೈ ಎಂದು ಅವರು ಹೇಳಬೇಕು. 21 ಚಿಕಿತ್ಸಕರು 280 ಸಲ ಪ್ರಯತ್ನಿಸಿದರು, ಸರಿಯಾದ ಉತ್ತರ ಬಂದದ್ದು 123 ಸಲ, ಅಂದರೆ ಶೇ. 44. ಕಣ್ಣುಮುಚ್ಚಿ ಊಹಿಸಿದರೂ ಅರ್ಧದಷ್ಟು ಸರಿಯಾಗುತ್ತಿತ್ತು. 1998ರಲ್ಲಿ, ಅವಳಿಗೆ ಹನ್ನೊಂದು ವರ್ಷವಾಗಿದ್ದಾಗ, ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯು ಹಿರಿಯರೊಡನೆ ಅವಳ ಹೆಸರನ್ನೂ ಸೇರಿಸಿ ಆ ಲೇಖನವನ್ನು ಪ್ರಕಟಿಸಿತು. ‘ಏನೂ ಕಾಣಲಿಲ್ಲ’ ಎಂಬುದೇ ಅದರ ಸಾರ, ಅದೇ ಅದರ ಬೆಲೆ.

ಅಂಕಿ ತಿದ್ದುವುದು ಎಲ್ಲರಿಗೂ ಗೊತ್ತಿರುವ ಮೋಸ. ಅದಕ್ಕಿಂತ ಸದ್ದಿಲ್ಲದ ಇನ್ನೊಂದು ದಾರಿಯಿದೆ, ಒಳ್ಳೆಯ ವಿದ್ಯಾರ್ಥಿಗಳೂ ಅರಿವಿಲ್ಲದೆ ಅದರಲ್ಲಿ ಕಾಲಿಡುತ್ತಾರೆ. ಮೊದಲ ಹೋಲಿಕೆಯಲ್ಲಿ ಏನೂ ಸಿಗದಿದ್ದಾಗ ಹುಡುಗರನ್ನು, ಹುಡುಗಿಯರನ್ನು, ಹಾಸ್ಟೆಲಿನವರನ್ನು, ಮನೆಯಿಂದ ಬರುವವರನ್ನು ಬೇರೆ ಬೇರೆ ಮಾಡಿ ಹೋಲಿಸುತ್ತ ಹೋಗಿ, ಎಲ್ಲೋ ಒಂದು ಕಡೆ ವ್ಯತ್ಯಾಸ ಕಂಡೊಡನೆ ಅದನ್ನೇ ಶೀರ್ಷಿಕೆ ಮಾಡುವುದು. ಸಂಖ್ಯಾಶಾಸ್ತ್ರದಲ್ಲಿ ಸಾಮಾನ್ಯವಾಗಿ ಬಳಸುವ ಶೇ. 5ರ ಗಡಿಯ ಅರ್ಥವೇನೆಂದರೆ, ನಿಜವಾಗಿ ಯಾವ ವ್ಯತ್ಯಾಸವೂ ಇಲ್ಲದಿರುವಾಗಲೂ ಇಪ್ಪತ್ತರಲ್ಲಿ ಒಂದು ಸಲ ವ್ಯತ್ಯಾಸ ಇದ್ದಂತೆ ತೋರುತ್ತದೆ. ಒಂದಕ್ಕೊಂದು ಸಂಬಂಧವಿಲ್ಲದ ಇಪ್ಪತ್ತು ಹೋಲಿಕೆಗಳನ್ನು ಮಾಡಿದರೆ, ಬರಿಯ ಆಕಸ್ಮಿಕದಿಂದಲೇ ಒಂದಾದರೂ ‘ಗಣನೀಯ’ ಫಲಿತಾಂಶ ಸಿಗುವ ಸಾಧ್ಯತೆ ಸುಮಾರು ಶೇ. 64. ಆದ್ದರಿಂದ ಯಾವ ಹೋಲಿಕೆ ಮಾಡುತ್ತೀರೆಂದು ದತ್ತಾಂಶ ಸಂಗ್ರಹಿಸುವ ಮೊದಲೇ ದಿನಾಂಕ ಹಾಕಿ ಬರೆದಿಡುವುದು ಒಳ್ಳೆಯ ಅಭ್ಯಾಸ.

ನಿಮ್ಮ ಮಾರ್ಗದರ್ಶಕರ ಬಳಿ ವಾದಕ್ಕಿಳಿಯುವ ಬದಲು, ‘ವ್ಯತ್ಯಾಸ ಕಾಣದಿರಲು ಕಾರಣಗಳು’ ಎಂಬ ಅಧ್ಯಾಯವೊಂದನ್ನು ಬರೆದು ತೆಗೆದುಕೊಂಡು ಹೋಗಿ. ಗುಂಪುಗಳು ಚಿಕ್ಕವಾಗಿದ್ದವೇ, ಅಳತೆ ಒರಟಾಗಿತ್ತೇ, ಅವಧಿ ಸಾಲಲಿಲ್ಲವೇ, ಅಥವಾ ನಿಜಕ್ಕೂ ವ್ಯತ್ಯಾಸವೇ ಇಲ್ಲವೇ ಎಂಬುದನ್ನು ಅಲ್ಲಿ ಚರ್ಚಿಸಿ. ಪ್ರಾಮಾಣಿಕವಾಗಿ ಬರೆದ ಅಂಥ ಅಧ್ಯಾಯವನ್ನು ಓದಿದ ಮೇಲೆ ಅಭಿಪ್ರಾಯ ಬದಲಿಸಿದ ಅಧ್ಯಾಪಕರು ಇದ್ದಾರೆ. ಅವರು ಬದಲಿಸದಿದ್ದರೆ ವಿಭಾಗದ ಮುಖ್ಯಸ್ಥರನ್ನು ಕಾಣಿ. ಹಾಗೆ ಮಾಡುವುದು ಗುರುದ್ರೋಹವಲ್ಲ.

ಪ್ರಶ್ನೆ: ನಾವು ಮೂವರು ಸಮಾಜಶಾಸ್ತ್ರದ ವಿದ್ಯಾರ್ಥಿನಿಯರು. ಪ್ರೌಢಶಾಲೆಯ ಹುಡುಗಿಯರ ಮುಟ್ಟಿನ ಅನುಭವ ಮತ್ತು ಮಾನಸಿಕ ಒತ್ತಡದ ಬಗ್ಗೆ ಅಧ್ಯಯನ ಮಾಡಬೇಕೆಂದಿದ್ದೇವೆ. ಶಾಲೆಯವರು ಒಪ್ಪಿದ್ದಾರೆ. ಹೆಸರು ಕೇಳುವುದಿಲ್ಲವಾದ್ದರಿಂದ ಬೇರೆ ಅನುಮತಿ ಬೇಕಿಲ್ಲವೆಂದು ಕೆಲವರು ಹೇಳುತ್ತಾರೆ. ಸರಿಯೇ?

ಉತ್ತರ: ಸರಿಯಲ್ಲ, ಮತ್ತು ನೀವು ಕೇಳಿದ್ದು ಬಹಳ ಒಳ್ಳೆಯದಾಯಿತು. ಮನುಷ್ಯರ ಮೇಲಿನ ಸಂಶೋಧನೆಗೆ ಇಂದು ಇರುವ ನಿಯಮಗಳು ಕಚೇರಿಯ ಕಾಗದದ ಹುಚ್ಚಿನಿಂದ ಹುಟ್ಟಿದವಲ್ಲ. ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆಯು ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ನಡೆಸಿದ ಅಧ್ಯಯನದಲ್ಲಿ, ಸಿಫಿಲಿಸ್ ರೋಗವಿದ್ದ 399 ಬಡ ಕಪ್ಪುಜನರಿಗೆ ಅವರ ರೋಗ ಯಾವುದೆಂದು ಹೇಳಲಿಲ್ಲ. ನಿಮ್ಮ ರಕ್ತ ಕೆಟ್ಟಿದೆ ಎಂದಷ್ಟೇ ಹೇಳಲಾಯಿತು. 1947ರ ಹೊತ್ತಿಗೆ ಪೆನಿಸಿಲಿನ್ ಆ ರೋಗಕ್ಕೆ ಒಪ್ಪಿತ ಮದ್ದಾಗಿದ್ದರೂ, ಮದ್ದಿಲ್ಲದೆ ರೋಗ ಹೇಗೆ ಬೆಳೆಯುತ್ತದೆಂದು ನೋಡುವ ಸಲುವಾಗಿ ಅವರಿಗೆ ಅದನ್ನು ಕೊಡಲಿಲ್ಲ. ನಾಜಿ ವೈದ್ಯರ ವಿಚಾರಣೆಯ ತೀರ್ಪಿನೊಂದಿಗೆ 1947ರಲ್ಲಿ ಬಂದ ನ್ಯೂರೆಂಬರ್ಗ್ ಸಂಹಿತೆಯು ಸ್ವಇಚ್ಛೆಯ ಒಪ್ಪಿಗೆ ಅತ್ಯಗತ್ಯವೆಂದು ಮೊದಲ ವಾಕ್ಯದಲ್ಲೇ ಸಾರಿದ ಮೇಲೂ, 1964ರಲ್ಲಿ ವಿಶ್ವ ವೈದ್ಯಕೀಯ ಸಂಘದ ಹೆಲ್ಸಿಂಕಿ ಘೋಷಣೆ ಬಂದ ಮೇಲೂ ಅದು ನಡೆಯುತ್ತಲೇ ಇತ್ತು. ಇವನ್ನು ನಡೆಸಿದವರಿಗೆ ಜ್ಞಾನದ ಆಸೆ ಇತ್ತು. ಎದುರಿಗಿದ್ದವರು ಮನುಷ್ಯರೆಂಬುದು ಮರೆತಿತ್ತು.

ನಿಮ್ಮ ಅಧ್ಯಯನ ಅಂಥದ್ದಲ್ಲ ನಿಜ. ಆದರೂ ಮುಟ್ಟು ಮತ್ತು ಮನಸ್ಸು, ಎರಡೂ ಬಹಳ ಮೃದುವಾದ ವಿಷಯಗಳು, ಉತ್ತರಿಸುವವರು ಮಕ್ಕಳು. ಆದ್ದರಿಂದ ನಿಮ್ಮ ಸಂಸ್ಥೆಯ ನೈತಿಕ ಸಮಿತಿಯ ಅನುಮತಿ ಪಡೆಯಿರಿ. ಶಾಲೆಯವರು ಒಪ್ಪಿದ್ದು ನಿಮ್ಮನ್ನು ಒಳಗೆ ಬಿಡಲು. ಹುಡುಗಿಯರ ಪರವಾಗಿ ಅವರು ಒಪ್ಪಿದಂತಾಗಲಿಲ್ಲ. ತಂದೆತಾಯಿಯರ ಲಿಖಿತ ಒಪ್ಪಿಗೆ ಬೇಕು, ಅದು ಬಂದ ಮೇಲೂ ಪ್ರತಿ ಹುಡುಗಿಯ ಸ್ವಂತ ಒಪ್ಪಿಗೆ ಬೇಕು. ‘ಬೇಡ ಎನ್ನಬಹುದು, ಯಾವ ಪ್ರಶ್ನೆಯನ್ನಾದರೂ ಬಿಡಬಹುದು, ನಡುವೆ ಎದ್ದು ಹೋಗಬಹುದು, ಅದರಿಂದ ಯಾವ ತೊಂದರೆಯೂ ಆಗುವುದಿಲ್ಲ’ ಎಂದು ಅವಳಿಗೆ ತಿಳಿಯುವಂತೆ ಹೇಳಿ. ಉತ್ತರಿಸುವ ಹೊತ್ತಿನಲ್ಲಿ ತರಗತಿಯ ಶಿಕ್ಷಕರು ಕೊಠಡಿಯಲ್ಲಿ ಇರದಂತೆ ನೋಡಿಕೊಳ್ಳಿ. ಅವರೆದುರಿಗೆ ‘ಬೇಡ’ ಎನ್ನುವ ಧೈರ್ಯ ಎಷ್ಟು ಮಕ್ಕಳಿಗೆ ಇದ್ದೀತು?

ಹೆಸರು ಕೇಳದಿದ್ದರೆ ಗುಟ್ಟು ಉಳಿಯುತ್ತದೆ ಎಂಬ ನಂಬಿಕೆಯನ್ನು ಸುಳ್ಳು ಮಾಡಿದವರೂ ಒಬ್ಬ ವಿದ್ಯಾರ್ಥಿನಿಯೇ. 1990ರ ದಶಕದಲ್ಲಿ ಮ್ಯಾಸಚೂಸೆಟ್ಸ್ ರಾಜ್ಯವು ತನ್ನ ನೌಕರರ ಆಸ್ಪತ್ರೆ ದಾಖಲೆಗಳನ್ನು ಹೆಸರು ತೆಗೆದು, ಆದರೆ ಹುಟ್ಟಿದ ದಿನ, ಲಿಂಗ, ಅಂಚೆ ವಲಯಗಳನ್ನು ಹಾಗೆಯೇ ಉಳಿಸಿ, ಸಂಶೋಧಕರಿಗೆ ಕೊಟ್ಟಿತು. ಆಗ ಸಂಶೋಧನಾ ವಿದ್ಯಾರ್ಥಿನಿಯಾಗಿದ್ದ ಲಟಾನ್ಯಾ ಸ್ವೀನಿ ಅವರು ಆ ರಾಜ್ಯದ ಗವರ್ನರ್ ವಾಸವಿದ್ದ ಕೇಂಬ್ರಿಡ್ಜ್ ನಗರದ ಮತದಾರರ ಪಟ್ಟಿಯನ್ನು 20 ಡಾಲರಿಗೆ ಕೊಂಡು, ಎರಡನ್ನೂ ತಾಳೆ ನೋಡಿದರು. ಗವರ್ನರ್ ಹುಟ್ಟಿದ ದಿನವೇ ಹುಟ್ಟಿದವರು ಆ ಪಟ್ಟಿಯಲ್ಲಿ ಆರು ಜನ; ಅವರಲ್ಲಿ ಗಂಡಸರು ಮೂವರು; ಗವರ್ನರರ ಅಂಚೆ ವಲಯದಲ್ಲಿ ಇದ್ದವರು ಒಬ್ಬರೇ. ಗವರ್ನರರ ವೈದ್ಯಕೀಯ ದಾಖಲೆ ಹೀಗೆ ಸಿಕ್ಕಿಬಿದ್ದಿತು. ನಿಮ್ಮ ಪ್ರಶ್ನಾವಳಿಯಲ್ಲಿ ವಯಸ್ಸು, ತರಗತಿ, ವಾಸದ ಬಡಾವಣೆ, ತಂದೆಯ ಉದ್ಯೋಗ ಇವಿಷ್ಟೂ ಇದ್ದರೆ, ಮೂವತ್ತು ಮಕ್ಕಳ ತರಗತಿಯಲ್ಲಿ ಯಾರ ಉತ್ತರ ಯಾವುದೆಂದು ಗುರುತಿಸಲು ಅಷ್ಟು ಶ್ರಮವೂ ಬೇಕಿಲ್ಲ. ನಿಮಗೆ ಬೇಕಿಲ್ಲದ್ದನ್ನು ಕೇಳಲೇಬೇಡಿ. ವರದಿಯಲ್ಲಿ ಐದಕ್ಕಿಂತ ಕಡಿಮೆ ಜನರಿರುವ ಗುಂಪನ್ನು ಬೇರೆಯಾಗಿ ತೋರಿಸಬೇಡಿ.

ಇನ್ನೊಂದು ಮಾತನ್ನು ಎಲ್ಲಕ್ಕಿಂತ ಮೊದಲೇ ಯೋಚಿಸಿಡಿ. ಒಬ್ಬ ಹುಡುಗಿ ‘ಬದುಕುವುದೇ ಬೇಡವೆನಿಸಿದೆ’ ಎಂದೋ, ಮನೆಯಲ್ಲಿ ತನಗೆ ಹಿಂಸೆಯಾಗುತ್ತಿದೆ ಎಂದೋ ಬರೆದರೆ ನೀವು ಏನು ಮಾಡುತ್ತೀರಿ? ಆ ಕಾಗದವನ್ನು ಅಂಕಿಗಳ ರಾಶಿಗೆ ಸೇರಿಸಿ ಮುಂದೆ ಹೋಗಲು ಬರುವುದಿಲ್ಲ. ಅಂಥ ಸಂದರ್ಭದಲ್ಲಿ ಗುಟ್ಟನ್ನು ಯಾರಿಗೆ, ಎಷ್ಟರಮಟ್ಟಿಗೆ ತಿಳಿಸಬೇಕಾಗುತ್ತದೆ ಎಂಬುದನ್ನು ಒಪ್ಪಿಗೆ ಪಡೆಯುವಾಗಲೇ ಹೇಳಿರಬೇಕು, ನೆರವಾಗಬಲ್ಲ ಆಪ್ತಸಮಾಲೋಚಕರೊಬ್ಬರನ್ನು ಮೊದಲೇ ಗೊತ್ತುಮಾಡಿರಬೇಕು, ಮತ್ತು ಪ್ರತಿ ದಿನದ ಉತ್ತರಗಳನ್ನು ಅದೇ ದಿನ ಓದಬೇಕು. ಇಷ್ಟಕ್ಕೆ ನಿಮ್ಮಲ್ಲಿ ಸಮಯವೂ ಬೆಂಬಲವೂ ಇಲ್ಲವಾದರೆ ಮಾನಸಿಕ ಒತ್ತಡದ ಭಾಗವನ್ನು ಕೈಬಿಟ್ಟು, ಶಾಲೆಯಲ್ಲಿ ಮುಟ್ಟಿನ ದಿನಗಳಿಗೆ ಬೇಕಾದ ನೀರು, ಬಾಗಿಲಿರುವ ಶೌಚಾಲಯ, ಕಸದ ಬುಟ್ಟಿ ಇವೆಯೇ ಎಂಬುದನ್ನಷ್ಟೇ ಅಧ್ಯಯನ ಮಾಡಿ. ಅದಕ್ಕೆ ಯಾವ ಹುಡುಗಿಯ ಮನಸ್ಸನ್ನೂ ಕೆದಕಬೇಕಿಲ್ಲ, ಅದರಿಂದ ಅವರಿಗೆ ಆಗುವ ಉಪಕಾರ ಕಡಿಮೆಯೂ ಅಲ್ಲ.

ಪ್ರಶ್ನೆ: ಹಿಂದಿನ ಅಧ್ಯಯನಗಳ ವಿಮರ್ಶೆಯನ್ನು ಎಐ ಸಹಾಯದಿಂದ ಬರೆದರೆ ತಪ್ಪೇ?

ಉತ್ತರ: ನಿಮ್ಮ ಸಂಸ್ಥೆಯ ನಿಯಮ ಏನೆಂದು ಮೊದಲು ಕೇಳಿಕೊಳ್ಳಿ, ಬಳಸಿದರೆ ಬಳಸಿದ್ದೇನೆಂದು ಬರೆಯಿರಿ. ಅಪಾಯವಿರುವುದು ಇನ್ನೊಂದೆಡೆ: ಈ ಸಾಧನಗಳು ಎಲ್ಲೂ ಇಲ್ಲದ ಲೇಖನಗಳನ್ನು, ಲೇಖಕರ ಹೆಸರು ಮತ್ತು ವರ್ಷ ಸಹಿತ, ಇದ್ದಂತೆಯೇ ಬರೆದುಕೊಡುವುದುಂಟು. ನೀವೇ ತೆರೆದು ಓದದ ಒಂದು ಲೇಖನವನ್ನೂ ಉಲ್ಲೇಖಿಸಬೇಡಿ. ಎಐ ಇಲ್ಲದ ಕಾಲದಲ್ಲೂ ನಿಯಮ ಇದೇ ಆಗಿತ್ತು.

ಪ್ರಶ್ನೆ: ನನ್ನ ಮಗ ಒಂದು ವರ್ಷ ಕಷ್ಟಪಟ್ಟು ಪ್ರಾಜೆಕ್ಟ್ ಮುಗಿಸಿದ. ಈಗ ಅದು ಬೈಂಡಾಗಿ ಕಾಲೇಜಿನ ಕಪಾಟು ಸೇರಿದೆ. ವಿದ್ಯಾರ್ಥಿಗಳ ಇಂಥ ಕೆಲಸದಿಂದ ಲೋಕಕ್ಕೆ ನಿಜವಾಗಿ ಪ್ರಯೋಜನವಿದೆಯೇ?

ಉತ್ತರ: ಇದೆ, ಆದರೆ ಕಪಾಟಿನಿಂದ ಅದು ಹೊರಬಂದಾಗ. ಇಂಗ್ಲೆಂಡಿನ ಬ್ಲ್ಯಾಕಾಟನ್ ಎಂಬ ಹಳ್ಳಿಯ ಶಾಲೆಯ, 8ರಿಂದ 10 ವರ್ಷದ 25 ಮಕ್ಕಳು ದುಂಬಿಗಳ ಮೇಲೆ ನಡೆಸಿದ ಪ್ರಯೋಗವು 2010ರಲ್ಲಿ ಬಯಾಲಜಿ ಲೆಟರ್ಸ್ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾಯಿತು. ಯಾವ ಹೂವಿಗೆ ಹೋಗಬೇಕೆಂದು ನಿರ್ಧರಿಸಲು ದುಂಬಿಯು ಬಣ್ಣವನ್ನೂ ಬಣ್ಣಗಳು ಜೋಡಣೆಯಾಗಿರುವ ರೀತಿಯನ್ನೂ ಒಟ್ಟಿಗೆ ಬಳಸಬಲ್ಲದು ಎಂಬುದು ಅವರು ಕಂಡುಕೊಂಡದ್ದು. ಬರಹ ಮಕ್ಕಳ ಮಾತಿನಲ್ಲೇ ಇತ್ತು, ಚಿತ್ರಗಳಿಗೆ ಬಣ್ಣದ ಪೆನ್ಸಿಲು ಬಳಸಿದ್ದರು.

ಇನ್ನೊಂದು ಉದಾಹರಣೆ ನನಗೆ ಇದಕ್ಕಿಂತಲೂ ಹೆಚ್ಚು ಪ್ರಿಯವಾದದ್ದು. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಥಾಮಸ್ ಹರ್ನ್‌ಡನ್ ಅವರಿಗೆ, ಪ್ರಸಿದ್ಧ ಲೇಖನವೊಂದನ್ನು ತೆಗೆದುಕೊಂಡು ಅದರ ಲೆಕ್ಕವನ್ನು ತಾವೇ ಮತ್ತೆ ಮಾಡಿ ತೋರಿಸುವ ತರಗತಿಯ ಕೆಲಸವಿತ್ತು. ಅವರು ಆರಿಸಿಕೊಂಡದ್ದು ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ ಅವರ 2010ರ ಲೇಖನ. ಸರ್ಕಾರದ ಸಾಲವು ದೇಶದ ಒಟ್ಟು ಉತ್ಪನ್ನದ ಶೇ. 90ನ್ನು ಮೀರಿದರೆ ಬೆಳವಣಿಗೆಯ ಸರಾಸರಿ ಶೂನ್ಯಕ್ಕಿಂತ ಕೆಳಗಿಳಿಯುತ್ತದೆ ಎಂದು ಅದು ಹೇಳಿತ್ತು. ಹಲವು ದೇಶಗಳ ರಾಜಕಾರಣಿಗಳು ವೆಚ್ಚ ಕಡಿತವನ್ನು ಸಮರ್ಥಿಸಲು ಅದನ್ನು ಎತ್ತಿ ಹಿಡಿದಿದ್ದರು. ಹರ್ನ್‌ಡನ್ ಅವರಿಗೆ ಎಷ್ಟು ಸಲ ಮಾಡಿದರೂ ಆ ಉತ್ತರ ಬರಲಿಲ್ಲ. ಮೂಲ ಲೇಖಕರಿಂದಲೇ ಎಕ್ಸೆಲ್ ಕಡತವನ್ನು ಕೇಳಿ ತರಿಸಿಕೊಂಡು ನೋಡಿದಾಗ, ಸರಾಸರಿ ತೆಗೆಯುವ ಸೂತ್ರದಲ್ಲಿ ಐದು ದೇಶಗಳ ಸಾಲುಗಳು ಬಿಟ್ಟುಹೋಗಿದ್ದವು. ಆ ತಪ್ಪಿನೊಂದಿಗೆ, ದತ್ತಾಂಶದ ಆಯ್ಕೆ ಮತ್ತು ಸರಾಸರಿ ತೆಗೆದ ಕ್ರಮದಲ್ಲಿನ ದೋಷಗಳನ್ನೂ ಸರಿಪಡಿಸಿದ ಮೇಲೆ, ಶೇ. 0.1ರಷ್ಟು ಕುಸಿತ ಎಂದಿದ್ದ ಜಾಗದಲ್ಲಿ ಶೇ. 2.2ರಷ್ಟು ಬೆಳವಣಿಗೆ ಬಂದಿತು. 2013ರಲ್ಲಿ ತಮ್ಮ ಅಧ್ಯಾಪಕರೊಡನೆ ಅವರು ಇದನ್ನು ಪ್ರಕಟಿಸಿದರು, ಸೂತ್ರದ ತಪ್ಪನ್ನು ಮೂಲ ಲೇಖಕರೂ ಒಪ್ಪಿಕೊಂಡರು. ಹೊಸದೇನನ್ನೂ ಹುಡುಕದೆ, ಹಳೆಯದನ್ನು ಶ್ರದ್ಧೆಯಿಂದ ಮತ್ತೆ ಮಾಡಿ ನೋಡುವ ಇಂಥ ಕೆಲಸಕ್ಕೆ ದೊಡ್ಡ ವಿಜ್ಞಾನಿಗಳಲ್ಲಿ ವ್ಯವಧಾನ ಕಡಿಮೆ. ವಿದ್ಯಾರ್ಥಿಗಳಲ್ಲಿ ಅದು ಇದೆ, ಇದನ್ನು ಹೆಚ್ಚು ಕಾಲೇಜುಗಳು ಪ್ರಾಜೆಕ್ಟಾಗಿ ಒಪ್ಪಿಕೊಳ್ಳಬೇಕೆಂಬುದು ನನ್ನ ಬಹುದಿನದ ಆಸೆ.

ನಿಮ್ಮ ಮಗನ ವಿಷಯಕ್ಕೆ ಬಂದರೆ, ಅವನಿಗೆ ಎರಡು ಕೆಲಸಗಳನ್ನು ಹೇಳಿ. ಅವನು ಕಂಡದ್ದನ್ನು ಒಂದೇ ಪುಟದಲ್ಲಿ, ಕೋಷ್ಟಕಗಳಿಲ್ಲದೆ, ಆಡುಮಾತಿಗೆ ಹತ್ತಿರವಾದ ಭಾಷೆಯಲ್ಲಿ ಬರೆದು, ತನ್ನ ಪ್ರಶ್ನೆಗಳಿಗೆ ಉತ್ತರಿಸಿದವರಿಗೆ ಮರಳಿ ಕೊಡಲಿ. ತಮ್ಮಿಂದ ಪಡೆದ ಮಾಹಿತಿ ಏನಾಯಿತೆಂದು ತಿಳಿಯುವ ಹಕ್ಕು ಅವರಿಗಿದೆ. ಜೊತೆಗೆ, ಹೆಸರು ಮತ್ತು ಗುರುತಿನ ವಿವರಗಳನ್ನು ತೆಗೆದ ದತ್ತಾಂಶದ ಕಡತವನ್ನು, ಯಾವ ಕಾಲಂ ಏನೆಂಬ ವಿವರಣೆಯೊಂದಿಗೆ, ಅಧ್ಯಯನಕ್ಕೆ ಪಡೆದ ಒಪ್ಪಿಗೆ ಇದಕ್ಕೂ ಅನ್ವಯಿಸುತ್ತದೆಂದು ಖಚಿತಪಡಿಸಿಕೊಂಡು, ತನ್ನ ವಿಭಾಗಕ್ಕೆ ಒಪ್ಪಿಸಲಿ. ಮುಂದಿನ ವರ್ಷದ ವಿದ್ಯಾರ್ಥಿಯೊಬ್ಬರು ಅದನ್ನು ತೆರೆದು ಅದೇ ಲೆಕ್ಕವನ್ನು ಮತ್ತೊಮ್ಮೆ ಮಾಡಿ ನೋಡಬಹುದು.